ಖಾಲಿ ಕುರ್ಚಿಗಳಿಗೆ ಚಪ್ಪಾಳೆ

ಹ್ಯೂಸ್ಟನ್ನಿನ ಹೋಟೆಲೊಂದರಲ್ಲಿ ಊರಿನ ಮುಖಂಡರಿಗೆ ಸನ್ಮಾನದ ಊಟ. ನನ್ನ ಮೈಸೂರಿನ ಗೆಳತಿ ಸುಧಾ ಇಲ್ಲಿ ಹೃದಯದ ಡಾಕ್ಟರು. ಸನ್ಮಾನಿತರಲ್ಲಿ ಅವಳೂ ಒಬ್ಬಳು. ನಿರೂಪಕ ಒಬ್ಬೊಬ್ಬರ ವೃತ್ತಿಯನ್ನೂ ಹೊಗಳಿ ಹೊಗಳಿ ಓದುತ್ತಿದ್ದ. ಬ್ಯಾಂಕಿನವರು, ವಕೀಲರು ಎದ್ದು ಕೈಮುಗಿದರು. ಆಮೇಲೆ ಮೆಕ್ಸಿಕೊ ಕಡೆಯ ಮೂಲದ ಲ್ಯಾಟಿನೊ ಮುಖಂಡರ ಸರದಿ. ಬೇಕರಿ ಕಟ್ಟಿ ಬೆಳೆಸಿದವರು, ಮನೆಗಳಿಗೆ ಚಾವಣಿ ಹಾಕಿಸುವ ಕಂಪನಿಯ ಒಡತಿ, ಶಾಲಾ ಮಂಡಳಿಯಲ್ಲಿದ್ದ ಮೇಷ್ಟ್ರು. ಹೆಸರು ಕರೆದರೆ ಯಾರೂ ಏಳಲಿಲ್ಲ. ಅವರ ಮೇಜು ಪೂರ್ತಿ ಖಾಲಿ. ಸಭೆ ಮಾತ್ರ ಪ್ರತಿ ಹೆಸರಿಗೂ ಚಪ್ಪಾಳೆ ತಟ್ಟಿತು.

“ಯಾಕೇ ಬಂದಿಲ್ಲ ಇವರು?” ಎಂದು ಸುಧಾಳನ್ನು ಕೇಳಿದೆ.

“ಎಲ್ರೂ ಸಿಟಿಜನ್ಸೇ ಕಣೇ. ಆದ್ರೂ ಮುಖ ನೋಡಿ, ಕಾಗದಪತ್ರ ಇಲ್ದೆ ಬಂದೋರು ಅಂತ ಇಮಿಗ್ರೇಶನ್ ಪೊಲೀಸ್ರು ದಾರೀಲಿ ಹಿಡ್ಕೊಂಡು ಹೋಗ್ತಾರೇನೋ ಅಂತ ಭಯ.”

“ಯಾರಿಗಾದ್ರೂ ಹೇಳ್ಬಾರ್ದಾ?”

“ಕಷ್ಟ ಬಂದ್ರೆ ಜನ ಹೋಗಿ ಹೇಳ್ಕೋತಿದ್ದಿದ್ದೇ ಇವರ ಹತ್ರ.”

ಅಷ್ಟರಲ್ಲಿ ಅವಳ ಹೆಸರು ಕರೆದರು. ಏಳುವ ಮುಂಚೆ ಸುಧಾ ಕೈಚೀಲದೊಳಗೆ ಕೈಹಾಕಿ, ತನ್ನ ಅಮೆರಿಕದ ಪಾಸ್‌ಪೋರ್ಟ್ ಇದೆಯೇ ಎಂದು ಮುಟ್ಟಿ ನೋಡಿಕೊಂಡಳು.