ಸದ್ದು ಮಾಡದ ಬೆಲ್ಟು

ನಮ್ಮ ಮನೆಯಲ್ಲಿ ಕಾರಿನ ಕೀಲಿ ಬೇಕೆಂದರೆ ಮೊದಲು ಸಹಿ ಹಾಕಬೇಕಿತ್ತು. ನಗಬೇಡಿ, ನಿಜ. ಬಾಗಿಲ ಹಿಂದಿನ ಮೊಳೆಗೆ ಕೀಲಿ, ಅದರ ಕೆಳಗೆ ಸ್ಟೂಲು, ಸ್ಟೂಲಿನ ಮೇಲೆ ಉದ್ದನೆಯ ನೋಟುಬುಕ್ಕು, ಅದಕ್ಕೆ ದಾರ ಕಟ್ಟಿದ ಒಂದು ಪೆನ್ನು. ದಿನಾ ಬೆಳಿಗ್ಗೆ ನನ್ನ ಮಾವ, ಗಂಡನ ಅಪ್ಪ, ಅದರಲ್ಲಿ ಬರೆಯುತ್ತಿದ್ದರು: ಎಂಜಿನ್ ಎಣ್ಣೆ ಸರಿ, ನೀರು ಸರಿ, ಗಾಲಿಯ ಗಾಳಿ ಸರಿ, ಬ್ರೇಕು ಸರಿ, ಸದ್ದು ಸರಿ. ಅದರ ಕೆಳಗೆ ನಾನು ಸಹಿ ಹಾಕಿದ ಮೇಲೆಯೇ ಕೀಲಿ ನನ್ನ ಕೈಗೆ ಬರುತ್ತಿತ್ತು.

ಮಾವ ಬಿಜಾಪುರದ ಕಡೆ ಸರ್ಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅಲ್ಲಿ ಮೆಕ್ಯಾನಿಕ್ ನೋಡಿ ಬರೆಯದೆ, ಡ್ರೈವರ್ ಓದಿ ಸಹಿ ಹಾಕದೆ ಒಂದು ಬಸ್ಸೂ ಗೇಟು ದಾಟುತ್ತಿರಲಿಲ್ಲವಂತೆ. ನಿವೃತ್ತರಾಗಿ ಹೈದರಾಬಾದಿಗೆ, ಮೆಹದಿಪಟ್ಟಣಂನ ನಮ್ಮ ಬಾಡಿಗೆ ಮನೆಗೆ ಬಂದಾಗ ತಮ್ಮ ಟ್ರಂಕಿನ ಜೊತೆ ಆ ಪದ್ಧತಿಯನ್ನೂ ತಂದರು. ಇಲ್ಲಿ ಬಸ್ಸಿನ ಬದಲು ನಮ್ಮ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಇತ್ತು. ಅದರ ಡ್ರೈವರ್ ನಾನು.

ನಾನು ಗಚ್ಚಿಬೌಲಿಯ ಆಚೆ ಒಂದು ಸಾಫ್ಟ್‌ವೇರ್ ಕಂಪನಿಯ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಆ ವರ್ಷಗಳಲ್ಲಿ ಆ ಕಡೆ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು, ವಾರಕ್ಕೊಂದು ರಸ್ತೆ ಅಗೆಯುತ್ತಿದ್ದರು, ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಸಾಲುಗಟ್ಟಿ ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಅವರು ಕಾಗದ ಓದದೆ ಸಹಿ ಹಾಕಿದರೆ ಬೈಯುವುದು ನನ್ನ ಕೆಲಸ. ಚೆನ್ನಾಗಿಯೇ ಬೈಯುತ್ತಿದ್ದೆ. ಮನೆಯಲ್ಲಿ ಮಾತ್ರ ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ದಾರದ ಪೆನ್ನು, ಕಾಲು ಚಪ್ಪಲಿ ಹುಡುಕುತ್ತಿರುವಾಗಲೇ ನೋಟುಬುಕ್ಕಿನಲ್ಲಿ ಗೀಚಿ ಓಡುತ್ತಿದ್ದೆ. ಮಾವ ಬರೆದದ್ದನ್ನು ಓದುವುದೇನಿದೆ? ದಿನಾ ಅದೇ ಐದು ಸಾಲು.

ನನಗೆ ಕಾರು ಕಲಿಸಿದ್ದೂ ಮಾವನೇ. ಮೂವತ್ತಾರು ವಯಸ್ಸಿನಲ್ಲಿ ಕಾಲೊನಿಯ ಹಿಂದಿನ ಮೈದಾನದಲ್ಲಿ ಕಲ್ಲು ಇಟ್ಟು, ಹಿಂದಕ್ಕೆ ಮುಂದಕ್ಕೆ ಓಡಿಸಿ, ಕ್ಲಚ್ಚು ಸುಟ್ಟಾಗ ಮೂಗು ಮುಚ್ಚಿಕೊಂಡು ಕಲಿಸಿದರು. ನನ್ನ ಗಂಡನಿಗೆ ಇದೆಲ್ಲ ಒಂದಿಷ್ಟೂ ಸೇರುತ್ತಿರಲಿಲ್ಲ. ಅವರು ಬ್ಯಾಂಕಿನ ಕೆಲಸಕ್ಕೆ ಸ್ಕೂಟರಿನಲ್ಲಿ ಹೋಗುವವರು, ಅದನ್ನೂ ರಸ್ತೆಯ ಅಂಚು ಬಿಡದೆ ಓಡಿಸುವವರು. ಕಡೆಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ.

“ನಿನ್ನ ತಪ್ಪಿಂದ ಒಂದ ಸಲ ಗಾಡಿ ದಾರ್‍ಯಾಗ ನಿಂತ್ರ ಸಾಕು, ಮಾರಿಬಿಡತೀನಿ. ಕಂಪನಿ ಬಸ್ ಐತಲ್ಲ,” ಎಂದಿದ್ದರು.

ಕಂಪನಿ ಬಸ್ಸಿನಲ್ಲಿ ನಾನು ನಾಲ್ಕು ವರ್ಷ ಹೋಗಿದ್ದೆ. ಮುಖ್ಯ ರಸ್ತೆಯಲ್ಲಿ ಅರ್ಧ ಗಂಟೆ ಕಾಯುವುದು, ಕಿಟಕಿ ಪಕ್ಕ ಕೂತವರು ನಿದ್ದೆ ಹೋಗಿ ನನ್ನ ಹೆಗಲಿಗೆ ಒರಗುವುದು, ಸಂಜೆ ಎಷ್ಟೇ ಕೆಲಸವಿದ್ದರೂ ಬಸ್ಸು ಹೊರಟಿತೆಂದು ಓಡುವುದು. ಕಾರು ಬಂದ ಮೇಲೆ ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ ಪೂರ್ತಿ ನನ್ನದಾಗಿತ್ತು. ಗಾಜು ಏರಿಸಿಕೊಂಡು ಬಾಯಿಗೆ ಬಂದ ಹಾಡು ಹಾಡುತ್ತಿದ್ದೆ. ನನ್ನ ಗಂಟಲು ಹೇಗಿದೆ ಎಂದು ಆ ಕಾರಿಗೆ ಮಾತ್ರ ಗೊತ್ತು. ಆ ಕೀಲಿಯನ್ನು ಕಳೆದುಕೊಳ್ಳುವ ಭಯ ನನಗೆ ಸದಾ ಇತ್ತು, ಸುಳ್ಳು ಯಾಕೆ ಹೇಳಲಿ.

ಮಾವನಿಗೆ ತಮ್ಮ ಕಿವಿಯ ಮೇಲೆ ಅಪಾರ ನಂಬಿಕೆ. ಬೆಳಿಗ್ಗೆ ಬಾನೆಟ್ ಎತ್ತಿ, ತಾವೇ ಎಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬಸ್ಸಿನ ಎಂಜಿನ್ನಿನೊಳಗೆ ಹಲ್ಲಿನ ಚಕ್ರಗಳಿರುತ್ತವೆ, ಕೆಲವು ಗಾಡಿಗಳಲ್ಲಿ ಕಬ್ಬಿಣದ ಚೈನ್ ಇರುತ್ತದೆ, ಸವೆದರೆ ಅವು ಕರಕರ ಎಂದು ತಿಂಗಳುಗಟ್ಟಲೆ ಮೊದಲೇ ಹೇಳುತ್ತವೆ ಎಂದು ನನಗೆ ಎಷ್ಟು ಸಲ ಹೇಳಿದ್ದರೋ. “ಎಂಜಿನ್ ಹೇಳದ ಕೈ ಕೊಡಂಗಿಲ್ಲವ್ವಾ” ಎನ್ನುವುದು ಅವರ ಖಾಯಂ ಮಾತು. ಒಮ್ಮೆ ಸರ್ವಿಸ್ ಸೆಂಟರಿನವನು ಕ್ಲಚ್ ಪ್ಲೇಟು ಬದಲಿಸಬೇಕು ಎಂದಾಗ, ನನ್ನ ಕಿವಿಗೆ ಕೇಳದ್ದು ನಿನಗೆ ಹೇಗೆ ಕೇಳಿತು ಎಂದು ಅವನ ಮೇಲೆ ಹರಿಹಾಯ್ದರು. ಬಿಚ್ಚಿಸಿ ನೋಡುವವರೆಗೆ ಬಿಡಲಿಲ್ಲ. ಪ್ಲೇಟು ನಿಜಕ್ಕೂ ಚೆನ್ನಾಗಿತ್ತು ಅನ್ನಿ. ಆದರೆ ಅಲ್ಲಿದ್ದ ಗಿರಾಕಿಗಳೆಲ್ಲ ನಮ್ಮನ್ನೇ ನೋಡುತ್ತಿದ್ದರು, ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಹಾಗಾಗಿ ಮುಂದಿನ ಸಲ ನಾನೊಬ್ಬಳೇ ಹೋದೆ. ಅಲ್ಲಿಯ ಹುಡುಗಿ ಒಂದು ಗುಲಾಬಿ ಚೀಟಿ ಕೊಟ್ಟು, ಟೈಮಿಂಗ್ ಬೆಲ್ಟಿನ ಆಯಸ್ಸು ಮುಗಿದಿದೆ, ಬೇಗ ಬದಲಿಸಿ ಎಂದಳು. ಎಂಜಿನ್ನಿನ ಕೆಳಗಿನ ಚಕ್ರಕ್ಕೂ ಮೇಲಿನ ಚಕ್ರಕ್ಕೂ ಹೆಜ್ಜೆ ತಪ್ಪದಂತೆ ಹಾಕಿದ ರಬ್ಬರಿನ ಹಲ್ಲುಪಟ್ಟಿ ಅದು, ಕಿತ್ತರೆ ಒಳಗೆಲ್ಲ ಹಾಳು ಎಂದು ಬಿಡಿಸಿಯೂ ಹೇಳಿದಳು. ನಾನು ತಲೆಯಾಡಿಸಿದೆ. ಮನೆಗೆ ಬಂದು ಹೇಳಿದರೆ ಮಾವ ಮತ್ತೆ ತೋಳು ಏರಿಸಿಕೊಂಡು ಅಲ್ಲಿಗೆ ಹೊರಡುತ್ತಾರೆ ಎನ್ನಿಸಿತು. ಚೀಟಿಯನ್ನು ಮಡಚಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ವಿಮೆಯ ಕಾಗದಗಳ ಅಡಿಗೆ ತಳ್ಳಿದೆ. ಹೇಗೂ ದಿನಾ ಸದ್ದು ಸರಿ ಎಂದು ಬರೆಯುತ್ತಿದ್ದಾರಲ್ಲ ಎಂದುಕೊಂಡೆ. ನಾಲ್ಕು ತಿಂಗಳಾಗುವಷ್ಟರಲ್ಲಿ ಆ ಚೀಟಿ ನನ್ನ ತಲೆಯಿಂದಲೇ ಹೋಗಿತ್ತು.

ಕಾರು ಕೈ ಕೊಟ್ಟಿದ್ದು ಟೋಲಿಚೌಕಿ ಫ್ಲೈಓವರಿನ ಮೇಲೆ, ಬೆಳಗಿನ ಸಂದಣಿಯಲ್ಲಿ. ಟಪ್ ಎಂದು ಒಂದು ಸದ್ದು, ಅಷ್ಟೇ. ಹಾಡು ನನ್ನ ಬಾಯಲ್ಲೇ ನಿಂತಿತು, ಕಾರು ಉಸಿರು ಕಟ್ಟಿ ನಿಂತಿತು. ಹಿಂದಿನ ಆಟೋದವನು ತೆಲುಗಿನಲ್ಲಿ ಬೈದ, ನಾನೂ ತೆಲುಗಿನಲ್ಲೇ ತಿರುಗಿಸಿ ಬೈದೆ. ಆಮೇಲೆ ಅವನೇ ಇಳಿದು ಇನ್ನಿಬ್ಬರ ಜೊತೆ ಸೇರಿ ಕಾರನ್ನು ಇಳಿಜಾರಿನಲ್ಲಿ ಫ್ಲೈಓವರಿನ ಕೆಳಗಿನವರೆಗೆ ತಳ್ಳಿ ಬದಿಗೆ ಹಚ್ಚಿದ. ನಾನು ಮಾವನಿಗೆ ಫೋನು ಮಾಡಿದೆ.

ಮಾವ ಆಟೋ ಹಿಡಿದು ಬಂದರು. ಒಮ್ಮೆ ಕೀಲಿ ತಿರುಗಿಸಿ ನೋಡು ಎಂದರು. ಎಂಜಿನ್ ಎಂದಿನ ಭಾರವಿಲ್ಲದೆ ಗರಗರ ಹಗುರಾಗಿ ತಿರುಗಿತು. ಅವರ ಮುಖ ಇಳಿಯಿತು. ಸಾಕು, ಮತ್ತೆ ತಿರುಗಿಸಬೇಡ ಎಂದು ನನ್ನನ್ನು ನೆರಳಿಗೆ ಕಳಿಸಿ, ಎಳೆದೊಯ್ಯುವ ಗಾಡಿಯವನಿಗೆ ತೋರಿಸಲು ಕಾಗದ ತೆಗೆಯುತ್ತೇನೆಂದು ಡ್ಯಾಶ್‌ಬೋರ್ಡಿನ ಡಬ್ಬಿಗೆ ಕೈ ಹಾಕಿದರು. ಕಾಗದ ಹುಡುಕಲು ಅವರು ಬಹಳ ಹೊತ್ತು ತೆಗೆದುಕೊಂಡರು. ಕನ್ನಡಕ ಮರೆತು ಬಂದಿರಬೇಕು ಎಂದುಕೊಂಡೆ.

ಕಾರನ್ನು ಮನೆಯ ಹತ್ತಿರದ ಗ್ಯಾರೇಜಿಗೆ ಎಳೆಸಿದೆವು. ಅಲ್ಲಿಯ ಉಸ್ತಾದ್, ಅಂದರೆ ಮುಖ್ಯ ಮೆಕ್ಯಾನಿಕ್, ಮಾವನ ವಯಸ್ಸಿನವರೇ, ದಖನಿ ಉರ್ದು ಮಾತಿನವರು. ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಹಲ್ಲು ಉದುರಿ ತುಂಡಾದ ಬೆಲ್ಟನ್ನು ಹೊರಗೆಳೆದು ಮಾವನ ಕೈಗಿಟ್ಟರು. ಒಳಗೆ ವಾಲ್ವುಗಳೆಲ್ಲ ಬಾಗಿವೆ, ಎಂಜಿನ್ನಿನ ತಲೆ ಬಿಚ್ಚಬೇಕು, ಒಂಬತ್ತು ಹತ್ತು ದಿನವಾದರೂ ಬೇಕು ಎಂದರು. ಮಾವ ಏನೂ ಸದ್ದು ಇರಲಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದರು.

“ಚೈನ್ ಬೋಲ್ತಾ ಭಾಯಿ, ಬೆಲ್ಟ್ ನೈ ಬೋಲ್ತಾ,” ಎಂದರು ಉಸ್ತಾದ್. ಚೈನು ಹೇಳುತ್ತದೆ, ಬೆಲ್ಟು ಹೇಳುವುದಿಲ್ಲ. ಅದಕ್ಕೆ ಕಿಲೋಮೀಟರ್ ನೋಡಿಯೇ ಬದಲಿಸಬೇಕಂತೆ. ಆಗ ನನಗೆ ಗುಲಾಬಿ ಚೀಟಿ ನೆನಪಾಯಿತು.

ಸಂಜೆ ಗಂಡ ಬಂದರು. ಎಲ್ಲ ಕೇಳಿದ ಮೇಲೆ, ಬದಲಿಸಬೇಕೆಂದು ಮೊದಲೇ ಯಾರೂ ಹೇಳಿರಲಿಲ್ಲವಾ ಎಂದು ನನ್ನ ಮುಖ ನೋಡಿದರು. ತವೆಯ ಮೇಲೆ ರೊಟ್ಟಿ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು.

“ತಪ್ಪು ನಂದು. ಸದ್ದು ಸರಿ ಐತಿ ಅಂತ ಬರದಾಂವ ನಾನು. ಆಕಿಗೇನು ಗೊತ್ತು?”

ಆ ಕ್ಷಣದಲ್ಲಿ ನಾನು ಹೇಳಬೇಕಿತ್ತು, ಹೇಳಲಿಲ್ಲ. ರೊಟ್ಟಿ ಮಗುಚಿದೆ. ಕೀಲಿ ಉಳಿಯಿತಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು. ಇಂಥ ಹೇಡಿತನ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಮಾವ ಅರ್ಧ ರೊಟ್ಟಿ ತಿಂದು ಎದ್ದರು.

ಮರುದಿನದಿಂದ ನಾನು ಮತ್ತೆ ಕಂಪನಿ ಬಸ್ಸು ಹತ್ತಿದೆ. ಮಾವ ಬೆಳಿಗ್ಗೆ ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟರು. ಅದೇ ಹೊತ್ತಿಗೆ ಎದ್ದು, ಚಹಾ ಕುಡಿದು, ಹಿಂದಿನ ದಿನದ ಪೇಪರ್ ಹಿಡಿದುಕೊಂಡು ಕೂರುತ್ತಿದ್ದರು. ಇನ್ನು ಮೇಲೆ ಗಾಡಿಯನ್ನು ಉಸ್ತಾದರೇ ನೋಡಿಕೊಳ್ಳಲಿ, ನನ್ನ ಕಿವಿ ಹೋಯಿತು ಎಂದು ಒಮ್ಮೆ ಅಂದರು. ಬಸ್ಸಿನಲ್ಲಿ ನನಗೆ ಯಾರ ತಲೆ ಹೆಗಲಿಗೆ ಒರಗಿದರೂ ಸಿಟ್ಟು ಬರಲಿಲ್ಲ. ನನ್ನ ಮೇಲಿನ ಸಿಟ್ಟೇ ಸಾಕಷ್ಟಿತ್ತು. ಆಫೀಸಿನಲ್ಲಿ ಓದದೆ ಸಹಿ ಹಾಕಿದ ಒಬ್ಬ ಹುಡುಗನನ್ನು ಬೈಯಲು ಹೋಗಿ ಬಾಯಿಯೇ ಬರಲಿಲ್ಲ, ಪಾಪ, ಅವನು ಹೆದರಿ ತಾನಾಗಿಯೇ ಓದಿದ.

ಹತ್ತನೆಯ ದಿನ ಕಾರು ಬಂತು. ಮರುದಿನ ಬೆಳಿಗ್ಗೆ ನಾನು ಬೇಗ ಎದ್ದೆ. ಚೀಟಿ ತೆಗೆದು ಮಾವನ ಮುಂದಿಟ್ಟು ಎಲ್ಲ ಹೇಳಿಬಿಡುವುದು, ಆಮೇಲೆ ಕೀಲಿ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಡಬ್ಬಿಯಲ್ಲಿ ವಿಮೆಯ ಕಾಗದವಿತ್ತು, ನೋಂದಣಿಯ ಕಾಗದವಿತ್ತು, ಹಳೆಯ ಪೆಪ್ಪರಮೆಂಟಿನ ಕಾಗದವೂ ಇತ್ತು. ಚೀಟಿ ಮಾತ್ರ ಇರಲಿಲ್ಲ. ಎರಡು ಸಲ ಎಲ್ಲ ಹೊರಗೆ ಸುರಿದು ಹುಡುಕಿದೆ. ಬರಿಗೈಯಲ್ಲೇ ಒಳಗೆ ಹೋದೆ.

“ಮಾವಾರ, ತಪ್ಪು ನಂದೈತಿ. ಬೆಲ್ಟ್ ಬದಲಿ ಮಾಡ್ರಿ ಅಂತ ನಾಕ ತಿಂಗಳ ಹಿಂದನ ಚೀಟಿ ಕೊಟ್ಟಿದ್ರು. ನೀವು ಜಗಳಕ್ಕ ಹೊಂಟೀರಿ ಅಂತ ಮುಚ್ಚಿಟ್ಟೆ,” ಎಂದೆ.

ಮಾವ ಪೇಪರ್ ಮಡಚಿಟ್ಟು ಎದ್ದರು. ಬಾಗಿಲ ಹಿಂದಿನ ನೋಟುಬುಕ್ಕು ತಂದು, ಕಾರು ನಿಂತ ದಿನದ ಪುಟ ತೆರೆದರು. ಗುಲಾಬಿ ಚೀಟಿ ಅಲ್ಲಿ ಅಚ್ಚುಕಟ್ಟಾಗಿ ಅಂಟಿಕೊಂಡು ಕೂತಿತ್ತು. ಫ್ಲೈಓವರಿನ ಕೆಳಗೆ ಅವರು ಅಷ್ಟು ಹೊತ್ತು ಡಬ್ಬಿಯಲ್ಲಿ ತಲೆ ಹುದುಗಿಸಿಕೊಂಡು ಕೂತದ್ದು ಯಾಕೆಂದು ನನಗೆ ಆಗ ತಿಳಿಯಿತು. ಹಾಗಾದರೆ ಗೊತ್ತಿದ್ದೂ ನಿಮ್ಮ ಮೇಲೆ ಹಾಕಿಕೊಂಡಿರಲ್ಲ, ಯಾಕೆ ಎಂದು ಕೇಳಿದೆ.

“ಡಿಪೋದಾಗ ಮೆಕ್ಯಾನಿಕ್ ಮ್ಯಾಲ ತಪ್ಪು ಬಂದ್ರ ಬೈತಾರ, ಅಷ್ಟ. ಡ್ರೈವರ್ ಮ್ಯಾಲ ಬಂದ್ರ ಗಾಡಿ ಕಸಗೋತಾರ. ನಿನಗ ಕಲಸಾಕ ನಾ ಎಷ್ಟ ಒದ್ದಾಡೀನಿ, ಕಸಗೊಳ್ಳಾಕ ಬಿಡತೀನೇನು?” ಎಂದರು. ನೀನಾಗಿಯೇ ಹೇಳಲಿ ಎಂದು ಕಾಯುತ್ತಿದ್ದೆ, ಹತ್ತು ದಿನ ಹಿಡಿಯಿತು ನೋಡು ಎಂದೂ ಅಂದರು.

ನಾನು ಕಣ್ಣೊರೆಸಿಕೊಂಡು ನೇರ ಗಂಡನ ಬಳಿ ಹೋದೆ. ಅವರು ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿ ಮುಂದೆ ನಿಂತಿದ್ದರು. ಒಂದೇ ಉಸಿರಿಗೆ ಎಲ್ಲ ಹೇಳಿ, ಕಾರು ಮಾರುವುದಾದರೆ ಮಾರಿ ಎಂದೆ. ಅವರು ಕನ್ನಡಿಯಿಂದ ಮುಖ ತಿರುಗಿಸಲೂ ಇಲ್ಲ.

“ನಮ್ಮಪ್ಪ ತಪ್ಪು ನಂದು ಅಂದದ್ದು ನಾ ಹುಟ್ಟಿದಾಗಿಂದ ಕೇಳಿಲ್ಲ. ಅವತ್ತ ನಿನ್ನ ಕೇಳಿದ್ರ ಅವರ ಮದಲ ಅಂದ್ರಲ್ಲ, ತಪ್ಪು ನಿಂದ ಅಂತ ಆಗನ ತಿಳೀತು. ಹೋಗು, ನಿನಗ ಹೊತ್ತಾಗಾಕತ್ತೈತಿ.”

ಮಾತು ಇಷ್ಟೇ. ಕಾರಿನ ವಿಷಯ ಅವರು ಮತ್ತೆ ಎತ್ತಲಿಲ್ಲ. ಮುಂದಿನ ಬೆಲ್ಟು ಯಾವಾಗ ಎಂದು ತಾವೇ ಹೋಗಿ ಉಸ್ತಾದರನ್ನು ಕೇಳಿ ಬಂದು ಕ್ಯಾಲೆಂಡರಿನ ಮೇಲೆ ಬರೆದರು. ಇಷ್ಟು ದಿನ ಆ ಕಾರಿನಲ್ಲಿ ಕೂರಲು ಹೆದರುತ್ತಿದ್ದವರು.

ಆ ಬೆಳಿಗ್ಗೆ ನಾನು ಬಾಗಿಲ ಬಳಿ ಬಂದಾಗ ಮಾವ ಆಗಲೇ ಬಾನೆಟ್ ಎತ್ತಿ ನಿಂತಿದ್ದರು. ಎಂಜಿನ್ ಚಾಲೂ ಮಾಡಿದರು, ಕಣ್ಣು ಮುಚ್ಚಿ ಕೇಳಿದರು. ಒಳಗೆ ಬಂದು ಕೀಲಿಯನ್ನು ಮೊಳೆಗೆ ಹಾಕಿ, ಬರೆದು ಪೆನ್ನು ನನ್ನ ಕೈಗೆ ಕೊಟ್ಟರು. ಅಭ್ಯಾಸಬಲ ನೋಡಿ, ಚಪ್ಪಲಿ ಹುಡುಕುತ್ತ ಪೆನ್ನು ಊರಿದ್ದೆ, ಮಾವ ನನ್ನ ಕೈ ಹಿಡಿದರು. ಪುಟಗಳನ್ನು ಹಿಂದಕ್ಕೆ ಮಗುಚಿ ಒಂದು ಕಡೆ ಬೆರಳಿಟ್ಟು ಓದು ಎಂದರು.

ಎಂಟು ತಿಂಗಳ ಹಿಂದಿನ ಪುಟ. ಎಣ್ಣೆ ಸರಿ, ನೀರು ಸರಿ, ಗಾಳಿ ಸರಿ. ಅದರ ಕೆಳಗೆ ಮಾವನ ದುಂಡನೆಯ ಅಕ್ಷರದಲ್ಲಿ, ‘ಈಕೆ ಓದದೆ ಸಹಿ ಮಾಡುತ್ತಾಳೆ.’ ಅದರ ಕೆಳಗೆ ನನ್ನ ಸಹಿ.

ನನಗೆ ನಗು ಬಂತು, ಅಳುವೂ ಬಂತು. ಅವತ್ತೇ ಹೇಳಬಾರದಿತ್ತೇ ಎಂದೆ.

“ಹೇಳಿದ್ರ ನಿನಗ ಬ್ಯಾಸರಾಗತೈತಿ ಅಂತ ಸುಮ್ಮನಾದೆ,” ಎಂದರು ಮಾವ. “ನೀ ಚೀಟಿ ಮುಚ್ಚಿಟ್ಟಿ, ನಾ ಇದನ್ನ ಮುಚ್ಚಿಟ್ಟೆ.”

ಆ ದಿನದ ಪುಟವನ್ನು ಮೊದಲಿನಿಂದ ಗಟ್ಟಿಯಾಗಿ ಓದಿದೆ. ಐದರ ಬದಲು ಆರು ಸಾಲಿತ್ತು, ಆರನೆಯದರಲ್ಲಿ ಬೆಲ್ಟು ಹೊಸದು ಎಂದೂ, ಅಂದಿನ ಮೀಟರಿನ ಕಿಲೋಮೀಟರೂ ಬರೆದಿತ್ತು. ಸಹಿ ಹಾಕಿದೆ. ಮಾವ ಪೆನ್ನು ಇಸಿದುಕೊಂಡು ನನ್ನ ಸಹಿಯ ಪಕ್ಕದಲ್ಲಿ ಮೊದಲ ಸಲ ತಮ್ಮದನ್ನೂ ಹಾಕಿ, ಕೀಲಿಯನ್ನು ಮೊಳೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು.