ಮದುಮಗನ ಚಾಕು ಗಡಿ ದಾಟಿದ್ದು

ನಾಡಿದ್ದು ನಾವು ಶ್ರೀಲಂಕೆಗೆ ಹೊರಟಿದ್ದೇವೆ. ನಾವು ಎಂದರೆ ನಾನು, ನನ್ನ ಹೆಂಡತಿ ಮತ್ತು ನನ್ನ ಚಿಂತೆ. ಮೂರನೆಯದಕ್ಕೆ ಟಿಕೆಟ್ ಬೇಕಿಲ್ಲ, ಆದರೆ ಎಲ್ಲರಿಗಿಂತ ಮೊದಲು ತಯಾರಾಗಿ ಕೂಡುವುದು ಅದೇ.

ಇವತ್ತು ಬೆಳಗ್ಗೆ ಹೆಂಡತಿ ಮಂಚದ ಮೇಲೆ ಬ್ಯಾಗು ತೆರೆದು ಖಡಕ್ ರೊಟ್ಟಿಯ ಕಟ್ಟು ಇಟ್ಟಳು, ಶೇಂಗಾ ಚಟ್ನಿಯ ಡಬ್ಬಿ ಇಟ್ಟಳು, ಅದರ ಪಕ್ಕಕ್ಕೆ ಸಣ್ಣದೊಂದು ಚಾಕು ಇಟ್ಟಳು.

"ಇದ್ಯಾಕ?" ಎಂದೆ.

"ಉಳ್ಳಾಗಡ್ಡಿ ಹೆಚ್ಚಾಕ್ರಿ. ಉಳ್ಳಾಗಡ್ಡಿ ಇಲ್ದ ನಿಮಗ ರೊಟ್ಟಿ ಇಳಿತೈತೇನು?"

ಇಳಿಯುವುದಿಲ್ಲ, ಖರೆ. ಆದರೂ ಮೊಬೈಲು ಹಿಡಿದು ಕುಳಿತೆ. ಕೈಚೀಲದಲ್ಲಿ ಚಾಕು ವಿಮಾನ ಹತ್ತುವಂತಿಲ್ಲ. ದೊಡ್ಡ ಬ್ಯಾಗಿನಲ್ಲಿ ಭದ್ರವಾಗಿ ಸುತ್ತಿಟ್ಟರೆ ನಡೆಯುತ್ತದೆ. ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಇಳಿದ ಮೇಲೆ ಆ ದೇಶದ ಕಾನೂನು ಬೇರೆ. ಒಂದು ದೇಶ ಅಲಗಿನ ಉದ್ದ ಅಳೆಯುತ್ತದಂತೆ. ಇನ್ನೊಂದು, ಮಡಚುವ ಚಾಕು ಬಿಚ್ಚಿದಾಗ ಬಿಗಿಯಾಗಿ ನಿಲ್ಲುತ್ತದೋ ಇಲ್ಲವೋ ನೋಡುತ್ತದಂತೆ. ಮತ್ತೆ ಕೆಲವು ಕಡೆ ಅಳತೆ ಗಿಳತೆ ಏನೂ ಇಲ್ಲ, ಒಂದೇ ಪ್ರಶ್ನೆ: ಇದು ನಿನ್ನ ಹತ್ತಿರ ಯಾಕಿದೆ? ಅದಕ್ಕೆ ಒಪ್ಪುವಂಥ ಕಾರಣ ಹೇಳಬೇಕು.

ಆ ಪ್ರಶ್ನೆ ಓದಿದವನು ಮೊಬೈಲು ಕೆಳಗಿಟ್ಟೆ. ಈ ಪ್ರಶ್ನೆಯನ್ನು ಹಿಂದೊಮ್ಮೆ ನನ್ನೆದುರೇ ಕೇಳಿದ್ದರು. ಉತ್ತರ ಕೊಟ್ಟವನು ನನ್ನ ಮಲ್ಲಪ್ಪ ಮಾಮಾ.

ಮಾಮಾ ನನ್ನ ತಾಯಿಯ ಕೊನೆಯ ತಮ್ಮ, ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವವ. ನನಗಿಂತ ಅಷ್ಟೇನೂ ದೊಡ್ಡವನಲ್ಲ, ಅದಕ್ಕೇ ಈ ಏಕವಚನ. ಬೆಳಗಿನಿಂದ ಸಂಜೆಯವರೆಗೆ ಮಗ್ಗಗಳ ಸಪ್ಪಳದ ನಡುವೆ ಬದುಕಿದವನಿಗೆ ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ. ಅವನು ನಿಮ್ಮ ಕಿವಿಯಲ್ಲಿ ಗುಟ್ಟು ಹೇಳಿದರೆ ಓಣಿಯ ಕೊನೆಯ ಮನೆಯವರು ಉತ್ತರ ಕೊಡುತ್ತಾರೆ. ನಲವತ್ತು ದಾಟುವವರೆಗೂ ಮದುವೆ ಬೇಡ ಅಂದವನು ಒಂದು ದಿನ ಬಂದು, "ಅಳ್ಯಾ, ಮುಧೋಳದ ಗಿರಿಜಾನ್ನ ಮಾಡ್ಕೋತೇನಿ" ಎಂದು ನನಗೊಬ್ಬನಿಗೇ ಗುಟ್ಟಾಗಿ ಹೇಳಿದ. ಸಂಜೆಯೊಳಗೆ ಬನಹಟ್ಟಿ, ರಬಕವಿ ಎರಡಕ್ಕೂ ಗೊತ್ತಾಯಿತು.

ಗಿರಿಜಾ, ಅಂದರೆ ಈಗ ನನ್ನ ಅತ್ತಿ, ಅವಳಿಗೆ ಇದು ಎರಡನೆಯ ಮದುವೆ. ಮೊದಲ ಗಂಡ ಮದುವೆಯಾದ ವರ್ಷವೇ ತೀರಿಕೊಂಡಿದ್ದ.

ನಮ್ಮ ಕಡೆಯ ಮದುವೆ ಕಂಡವರಿಗೆ ಗೊತ್ತು, ಅರಿಶಿಣ ಹಚ್ಚಿದ ಗಳಿಗೆಯಿಂದ ಮದುಮಗನ ಕೈಗೆ ಒಂದು ಚಾಕು ಬರುತ್ತದೆ, ತುದಿಗೆ ನಿಂಬೆಹಣ್ಣು ಚುಚ್ಚಿರುತ್ತದೆ. ಮದುವೆ ಮುಗಿದು ದೇವರಿಗೆ ಹೋಗಿ ಕೈಮುಗಿಯುವವರೆಗೆ ಅದನ್ನು ಕೆಳಗಿಡುವಂತಿಲ್ಲ. ಉಣ್ಣುವಾಗ ಎಡಗೈಯಲ್ಲಿ ಚಾಕು, ಬಲಗೈಯಲ್ಲಿ ಹೋಳಿಗೆ. ನನ್ನ ಮದುವೆಯಲ್ಲಿ ನಾನು ಅದರಿಂದ ಮೂಗು ತುರಿಸಿಕೊಳ್ಳಲು ಹೋಗಿ ಭಟ್ಟರನ್ನು ಗಾಬರಿಪಡಿಸಿದ್ದೆ. ಹೆಚ್ಚಿನವರಿಗೆ ಇದು ಒಂದೆರಡು ದಿನದ ಆಟ. ಆದರೆ ಅತ್ತಿಯ ಮೊದಲ ಮದುವೆಯಲ್ಲಿ ಆ ಹುಡುಗ ಚಾಕುವನ್ನು ಎಲ್ಲೋ ಮರೆತಿಟ್ಟಿದ್ದನಂತೆ. ಅವನು ಸತ್ತ ಮೇಲೆ ಯಾರೋ ಪುಣ್ಯಾತ್ಮರು ಅದನ್ನು ನೆನಪಿಸಿದರು. ಆ ಮಾತು ಇವಳ ಎದೆಯೊಳಗೆ ಉಳಿದುಬಿಟ್ಟಿತ್ತು.

ಮಗಳ ಬಾಳು ಮತ್ತೆ ನೆಟ್ಟಗಾದರೆ ಗಂಡಹೆಂಡತಿ ಇಬ್ಬರನ್ನೂ ನೇಪಾಳದ ಪಶುಪತಿನಾಥನಿಗೆ ಕಳಿಸುತ್ತೇನೆಂದು ಅವಳ ತಾಯಿ ಬೇಡಿಕೊಂಡಿದ್ದಳು. ಹೀಗಾಗಿ ಮದುವೆಯ ಮರುವಾರವೇ ಓಣಿಯವರ ಯಾತ್ರೆಯ ಬಸ್ಸಿನಲ್ಲಿ ಅವರಿಬ್ಬರ ಜೊತೆ ನಾನೂ ಹೊರಟೆ. ಮಾಮಾನ ಕೈಯಲ್ಲಿ ಚಾಕು. ದೇವರ ಮುಖ ನೋಡುವವರೆಗೆ ಬಿಡುವಂತಿಲ್ಲ. ಒಣಗಿದ ನಿಂಬೆಹಣ್ಣು ತೆಗೆದು ಅತ್ತಿ ಊರೂರಿಗೂ ಹೊಸದು ಚುಚ್ಚುತ್ತಿದ್ದಳು. ನಾಗಪುರದ್ದು ದಪ್ಪ, ಕಾಶಿಯದು ಸಣ್ಣ. ಕಾಶಿಯ ಓಣಿಗಳಲ್ಲಿ ಜನ ಮಾಮಾನನ್ನು ನೋಡಿ ತಾವಾಗಿಯೇ ದಾರಿ ಬಿಟ್ಟರು. ಅಷ್ಟು ಸಲೀಸಾದ ದರ್ಶನ ನಮಗೆ ಮತ್ತೆಂದೂ ಆಗಿಲ್ಲ.

ನನ್ನ ನಿದ್ದೆ ಹೋದದ್ದು ಗೋರಖಪುರದಲ್ಲಿ. ಮುಂದೆ ದೇಶದ ಗಡಿ. ಚಾಕು ಹಿಡಿದು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವ ಮನುಷ್ಯನಿಗೆ ಏನು ಅನ್ನುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ, ಒಳ್ಳೆಯ ಹೆಸರು ಇರಲಾರದು ಎಂಬುದಷ್ಟೇ ಗೊತ್ತಿತ್ತು.

"ಮಾಮಾ, ಇಲ್ಲೇ ಲಾಡ್ಜಿನ್ಯಾಗ ಇಟ್ಟು ಹೋಗೂಣು. ಬರುವಾಗ ತಗೊಂಡ್ರಾತು" ಎಂದೆ.

"ಲೇ, ನಾ ಬೇಕಾದ್ರ ಇಲ್ಲೇ ಉಳಿತೇನಿ, ಇದನ್ನ ಕೆಳಗ ಇಡೂದಿಲ್ಲ."

"ನಿನಗ ಇದ್ರಾಗ ನಂಬಿಗಿ ಐತೇನು?"

"ಎಳ್ಳಷ್ಟೂ ಇಲ್ಲ" ಎಂದು ಮಾಮಾ ಗುಟ್ಟಾಗಿ ಹೇಳಿದ. ಅದು ಆಚೆ ಕುಳಿತಿದ್ದ ಅತ್ತಿಯ ಕಿವಿಗೂ ಬಿತ್ತು.

"ನನಗೂ ಇದು ಸುಳ್ಳ ಅಂತ ಗೊತ್ತೈತ್ರಿ" ಎಂದು ಅವಳು ನನಗೆ ಹೇಳಿದಳು. "ಗೊತ್ತಿದ್ರ ಅಂಜಿಕಿ ಹೋಗತೈತೇನ್ರಿ?"

ಚಿಂತೆಯ ವಿಷಯದಲ್ಲಿ ನಾನೇ ದೊಡ್ಡವನು ಎಂದುಕೊಂಡಿದ್ದೆ. ಆ ದಿನ ಆ ಪಟ್ಟವನ್ನು ಅವಳಿಗೆ ಬಿಟ್ಟುಕೊಟ್ಟೆ.

ಸುನೌಲಿಯ ಗಡಿಯಲ್ಲಿ ನೋಡಿದರೆ ಜನ ಸಂತೆಗೆ ಹೋದಹಾಗೆ ಅತ್ತಿಂದಿತ್ತ ನಡೆದಾಡುತ್ತಿದ್ದರು. ನಮ್ಮ ಬಸ್ಸಿನವರೂ ಇಳಿದು ನಡೆಯತೊಡಗಿದರು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಮಾಮಾ ಚಾಕುವಿನ ಮೇಲೆ ಟವೆಲ್ಲು ಇಳಿಬಿಟ್ಟುಕೊಂಡು ಹೆಚ್ಚುಕಡಿಮೆ ದಾಟಿಯೇಬಿಟ್ಟಿದ್ದ. ಆದರೆ ಹಿಡಿದುಹಾಕಿದರೆ ಏನು ಗತಿ ಎಂಬ ಚಿಂತೆ ನನ್ನನ್ನು ಮುಂದಕ್ಕೆ ನೂಕಿತು. ಸಮವಸ್ತ್ರದ ಒಬ್ಬ ಹೆಣ್ಣುಮಗಳ ಮುಂದೆ ಹೋಗಿ ಕೈಜೋಡಿಸಿ, ನನ್ನ ಜಮಖಂಡಿಯ ಹಿಂದಿಯಲ್ಲಿ, "ಮೇಡಮ್, ಹಮಾರೇ ಪಾಸ್ ಚಾಕೂ ಹೈ" ಎಂದೆ.

ಮಾಮಾ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ.

ಆಕೆ ಟವೆಲ್ಲು ಸರಿಸಿದಳು. ಚಾಕು, ನಿಂಬೆಹಣ್ಣು. ಇದು ನಿನ್ನ ಹತ್ತಿರ ಯಾಕಿದೆ ಎಂದು ಕೇಳಿದಳು. ಮಾಮಾನಿಗೆ ಅರಿಶಿಣ, ಮದುಮಗ, ಹರಕೆ ಯಾವುದಕ್ಕೂ ಹಿಂದಿ ಸಿಗಲಿಲ್ಲ. ಕೊನೆಗೆ ಅತ್ತಿಯ ಕಡೆ ಬೆರಳು ಮಾಡಿ, "ಇಸ್ಕೆ ವಾಸ್ತೆ" ಎಂದ. ಇವಳಿಗಾಗಿ.

ಆ ಹೆಣ್ಣುಮಗಳು ಅತ್ತಿಯನ್ನು, ಅವಳ ಹೊಸ ತಾಳಿಯನ್ನು, ಹಸಿರು ಬಳೆಯನ್ನು ನೋಡಿದಳು. ದನಿ ಇಳಿಸಿದಳು, ಆದರೆ ಮಾತು ಸಡಿಲಿಸಲಿಲ್ಲ. ಚೀಲದೊಳಗೆ ಕಟ್ಟಿಟ್ಟುಕೊಂಡು ಹೋಗಿ, ತೊಂದರೆಯಿಲ್ಲ. ಬರಿಯ ಅಲಗು ಕೈಯಲ್ಲಿ ಹಿಡಿದು ನನ್ನ ಮುಂದೆ ಯಾರೂ ಗಡಿ ದಾಟುವಂತಿಲ್ಲ ಎಂದಳು.

ಕಾನೂನು ಕೈಯಲ್ಲಿ ಬೇಡ ಅನ್ನುತ್ತದೆ, ಶಾಸ್ತ್ರ ಕೈಬಿಡಬೇಡ ಅನ್ನುತ್ತದೆ. ಬಸ್ಸಿನ ಡ್ರೈವರ್ ಹಾರ್ನ್ ಬಾರಿಸುತ್ತಿದ್ದ. "ಹೊಳ್ಳಿ ಹೋಗೂಣೇನು ಗಿರಿಜಾ?" ಎಂದ ಮಾಮಾ. ಅವನು ಚೇಷ್ಟೆಗೆ ಹೇಳಿದ್ದಲ್ಲ. ಅವಳು ಹ್ಞೂಂ ಅಂದಿದ್ದರೆ ಅಷ್ಟು ದೂರ ಬಂದವನು ತಿರುಗಿ ಬನಹಟ್ಟಿಯ ಹಾದಿ ಹಿಡಿಯುತ್ತಿದ್ದ.

ಅತ್ತಿ ಬಹಳ ಹೊತ್ತು ಆ ಚಾಕುವನ್ನೇ ನೋಡಿದಳು. ಆಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದನ್ನು ತೆಗೆದುಕೊಂಡಳು. ನಿಂಬೆಹಣ್ಣು ಕಿತ್ತು, ಅಲಗನ್ನು ಸೆರಗಿಗೆ ಒರೆಸಿ, ಕರವಸ್ತ್ರದಲ್ಲಿ ಸುತ್ತಿ ನನಗೆ ಕೊಟ್ಟಳು. 

"ನಿಮ್ಮ ಬ್ಯಾಗಿನ್ಯಾಗ ಇಡ್ರಿ. ಕೈ ಬರಿದ ಬಿಡಬಾರದು, ಅಷ್ಟ ಹೌದಲ್ಲ?" ಎಂದವಳೇ ಗಂಡನ ಕೈ ಹಿಡಿದಳು. ಸಿನಿಮಾದಲ್ಲಿ ಹಿಡಿದಂತಲ್ಲ, ಸಂತೆಯಲ್ಲಿ ತಪ್ಪಿಸಿಕೊಳ್ಳುವ ಕೂಸನ್ನು ಹಿಡಿದಂತೆ, ಗಟ್ಟಿಯಾಗಿ.

ನಮ್ಮ ಓಣಿಯಲ್ಲಿ ಗಂಡಹೆಂಡತಿ ಜೋಡಿಯಾಗಿ ನಡೆಯುವುದೂ ಇಲ್ಲ, ಗಂಡ ನಾಲ್ಕು ಮಾರು ಮುಂದೆಯೇ. ಮಾಮಾ ಕಂಗಾಲಾಗಿ, "ಏ, ಕೈ ಬಿಡ, ಮಂದಿ ನೋಡಾಕತ್ತಾರ" ಎಂದು ಪಿಸುಗುಟ್ಟಿದ. ಆ ಪಿಸುಮಾತಿಗೆ, ಅಲ್ಲಿಯವರೆಗೆ ನೋಡದಿದ್ದವರೂ ತಿರುಗಿ ನೋಡಿದರು. ಎರಡು ದೇಶದವರೂ.

"ನೋಡ್ಲಿ ಬಿಡ್ರಿ" ಎಂದಳು ಅತ್ತಿ.

ಹಾಗೇ ದಾಟಿದರು. ಆಚೆ ನಾನು ಮೊದಲು ಕಂಡದ್ದು ಸಾಲು ಅಂಗಡಿಗಳಲ್ಲಿ ನೇತುಹಾಕಿದ, ಮೊಳದುದ್ದದ ಖುಕುರಿ ಕತ್ತಿಗಳನ್ನು. ನನ್ನ ಬ್ಯಾಗಿನೊಳಗಿನ ನಾಲ್ಕು ಬೆರಳಿನ ಚಾಕುವಿಗೇ ನಾಚಿಕೆಯಾಗಿರಬೇಕು. "ತಗೋರಿ ಅತ್ತಿ, ಇನ್ನ ಮಾಮಾ ಹಿಡಕೊಳ್ಳಲಿ" ಎಂದು ತೆಗೆಯಹೋದೆ. "ನಿಮ್ಮ ಕಡೆನ ಇರ್ಲಿ" ಎಂದಳು. ಪಶುಪತಿನಾಥನ ಬಾಗಿಲವರೆಗೂ ಅವನ ಕೈ ಬಿಡಲಿಲ್ಲ. ಮಾಮಾ ಕಾಠ್ಮಂಡುವಿನಲ್ಲಿ ಎಡಗೈಯಿಂದಲೇ ಚಹಾ ಕುಡಿದ.

ಮೊನ್ನೆ ಫೋನಿನಲ್ಲಿ ಇದೇ ಮಾಮಾ, ಶ್ರೀಲಂಕೆಗೆ ಹೋಗುವ ನನಗೆ, "ಯಾರೂ ಕೇಳದ ನೀನಾಗಿ ಏನೂ ಹೇಳಾಕ ಹೋಗಬ್ಯಾಡಲೇ" ಎಂದು ಕೂಗಿ ಹೇಳಿದ. ಹಿಂದಿನಿಂದ ಅತ್ತಿ ನಗುವುದು ಕೇಳಿಸಿತು.

ಉಳ್ಳಾಗಡ್ಡಿಯ ಚಾಕು ಸುತ್ತಿ ದೊಡ್ಡ ಬ್ಯಾಗಿನ ತಳಕ್ಕೆ ಇಟ್ಟಾಯಿತು. ಸಂಜೆ ಬ್ಯಾಗಿಗೆ ಜಡಿಯುವ ಕೀಲಿ ತರಲು ನಾವಿಬ್ಬರೂ ಪೇಟೆಗೆ ಹೊರಟೆವು. ಕಬ್ಬಿನ ಹಂಗಾಮು, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಸಾಲಾಗಿ ಹೋಗುತ್ತಿದ್ದವು. ರಸ್ತೆಯ ಬದಿಯಲ್ಲಿ ನಿಂತಾಗ ಹೆಂಡತಿಯ ಕೈ ಹಿಡಿದೆ.

"ಯಾಕ್ರೀ, ತಲಿ ತಿರಗಾಕತ್ತೈತೇನು?" ಎಂದಳು.

"ಇಲ್ಲ."

"ಬಿಪಿ ಗುಳಿಗಿ ತಗೊಂಡಿಲ್ಲೇನು ಮತ್ತ?"

"ತಗೊಂಡೇನಿ."

ಅವಳು ನನ್ನ ಮುಖವನ್ನೊಮ್ಮೆ ನೋಡಿದಳು, ಅತ್ತಿತ್ತ ಯಾರಿದ್ದಾರೆಂದು ನೋಡಿದಳು. ಕೊನೆಯ ಟ್ರ್ಯಾಕ್ಟರು ಹೋಯಿತು, ದಾಟಿದೆವು. ಅಂಗಡಿಯವನು ಕೀಲಿ ಕೊಟ್ಟು ಕೈಚಾಚಿದ. ರೊಕ್ಕ ತೆಗೆಯಲು ನನಗೆ ಬಲಗೈ ಬೇಕಿತ್ತು. ಅದು ಅವಳ ಹತ್ತಿರ ಇತ್ತು.

"ನೀನ ಕೊಡು" ಎಂದೆ.