ಮಲತಾಯಿ ಎಲ್ಲಿ ಹೋದಳು

ಕಥೆ ಹೇಳುವವರಿಗೆ ಬಾಯಿ ಇದ್ದರೆ ಸಾಲದು, ಎದುರಿಗೆ ಹೂಂಗುಟ್ಟುವವರು ಬೇಕು. ನಮ್ಮ ಕಡೆ ಅದೇ ರೂಢಿ. ಒಂದು ಮಾತು ಹೇಳಿ ನಿಲ್ಲಬೇಕು, ಕೇಳುವವರು ‘ಹೂಂ’ ಅನ್ನಬೇಕು, ಆಮೇಲೆ ಮುಂದಿನ ಮಾತು. ನಾನು ಪ್ರಾಥಮಿಕ ಶಾಲೆಯ ಟೀಚರಾಗಿದ್ದಷ್ಟು ವರ್ಷ ಹೂಂಗಳಿಗೆ ಕೊರತೆ ಇರಲಿಲ್ಲ. ನಿವೃತ್ತಿಯಾಗಿ ಜೇವರ್ಗಿಯ ಈ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಉಳಿದ ಮೇಲೆ ನನ್ನ ಬಾಯಿಗೆ ಕೆಲಸವೇ ಹೋಯಿತು. ಮದುವೆಯಾಗಲಿಲ್ಲ, ಅದಕ್ಕೆ ಯಾರೂ ಕನಿಕರಪಡುವುದು ಬೇಡ. ಆದರೆ ಒಬ್ಬಳೇ ಇರುವುದು ಬೇರೆ, ಮಾತಿಲ್ಲದೆ ಇರುವುದು ಬೇರೆ. ಆ ಎರಡನೆಯದು ನನ್ನನ್ನು ತಿಂದುಹಾಕಿತು.

ಕಥೆ ಕೇಳುವವರಿಗೆ ತಕ್ಕಂತಿರಬೇಕು ಎಂಬುದನ್ನು ನಾನು ಕಲಿತದ್ದು ಆಳಂದ ತಾಲ್ಲೂಕಿನ ಖಜೂರಿಯಲ್ಲಿ, ಅದೂ ಮುಖಭಂಗವಾಗಿ. ಹೊಸ ಟೀಚರು, ಉತ್ಸಾಹ ಬೇರೆ. ಕಥೆಯ ಹುಡುಗಿಯ ‘ಆಯಿ ಸತ್ತಳು’ ಎಂದು ದನಿ ನಡುಗಿಸಿ ಹೇಳಿದೆ. ಅರ್ಧ ತರಗತಿ ಗೊಳೋ ಎಂದು ಅತ್ತಿತು, ಇನ್ನರ್ಧ ಸುಮ್ಮನೆ ನನ್ನ ಮುಖ ನೋಡಿತು. ನಮಗೆ ಆಯಿ ಎಂದರೆ ಅಜ್ಜಿ. ಆ ಗಡಿಯೂರಿನ ಮರಾಠಿ ಮನೆಗಳ ಮಕ್ಕಳಿಗೆ ಆಯಿ ಎಂದರೆ ಹಡೆದ ತಾಯಿ. ಅಂದಿನಿಂದ ಯಾರು ಕುಳಿತಿದ್ದಾರೆಂದು ನೋಡಿಯೇ ಬಾಯಿ ತೆರೆಯತೊಡಗಿದೆ. ರಾಜ ಕುದುರೆ ಏರಿ ಬಂದ ಎಂದರೆ ಆಕಳಿಸುತ್ತಿದ್ದರು. ಲಾರಿ ಹತ್ತಿ ಬಂದ ಎಂದೆ. ‘ಯಾವ ಪಾಸಿಂಗ್ ರೀ ಟೀಚರ್, ಕರ್ನಾಟಕದ್ದೊ ಮಹಾರಾಷ್ಟ್ರದ್ದೊ?’ ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಮುಂದೆ ಅಫಜಲಪುರ ತಾಲ್ಲೂಕಿನ ಚೌಡಾಪುರಕ್ಕೆ ವರ್ಗವಾದಾಗ ನನ್ನ ಕಥೆಯ ನರಿ ಹವಳಗಾದ ಸಕ್ಕರೆ ಕಾರ್ಖಾನೆಯ ಕಡೆ ಹೊರಟ ಟ್ರ್ಯಾಕ್ಟರುಗಳ ಹಿಂದೆ ಓಡಿ ಕಬ್ಬು ಎಳೆಯಿತು. ನಾನು ಭಾರಿ ಜಾಣೆ ಎಂದುಕೊಂಡಿದ್ದೆ.

ಜೇವರ್ಗಿಯಲ್ಲಿ ನನ್ನ ಗೋಡೆಯಾಚೆಯ ಕೋಣೆಯಲ್ಲಿ ಒಬ್ಬರು ಕೌದಿ ಹೊಲಿಯುತ್ತಾರೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಓಣಿಯವರಂತೆ ನಾನೂ ಅವರನ್ನು ಅಕ್ಕ ಎನ್ನುವ ಅರ್ಥದಲ್ಲಿ ಆಪಾ ಎನ್ನುತ್ತೇನೆ. ಒಂದು ಮಧ್ಯಾಹ್ನ ಸೂಜಿಗೆ ದಾರ ಪೋಣಿಸಿಕೊಡಲು ಕರೆದರು. ಸುಮ್ಮನಿರಲಾರದೆ ಒಂದು ಕಥೆ ತೆಗೆದೆ. ಆಪಾ ಹೂಂ ಅನ್ನಲಿಲ್ಲ, ‘ಹೌ’ ಅಂದರು. ದಖ್ಖನಿ ಉರ್ದುವಿನಲ್ಲಿ ಹೌದು ಅನ್ನುವುದು ಹಾಗೆ. ಒಂದೊಂದು ಹೊಲಿಗೆಗೆ ಒಂದೊಂದು ಹೌ. ಆ ಸದ್ದಿಗೆ ನನ್ನ ಜೀವ ಎಷ್ಟು ಹಸಿದಿತ್ತೆಂದರೆ, ಮನೆಗೆ ಬಂದು ಅತ್ತುಬಿಟ್ಟೆ. ಮರುದಿನದಿಂದ ಊಟ ಮುಗಿದದ್ದೇ ತಡ, ಅಲ್ಲಿ ಹಾಜರು. ‘ಬಾ ಬೇ, ಕಾಯಾಕತ್ತೇನಿ. ನಿನ್ನ ರಾಣಿ ನಿನ್ನಿಯಿಂದ ಬಾವಿ ಕಟ್ಟಿ ಮ್ಯಾಲ ಕುಂತಾಳ’ ಎಂದು ಛೇಡಿಸುತ್ತಿದ್ದರು. ಅವರಿಗಾಗಿ ರಾಣಿ ಬೇಗಂ ಆದಳು, ಕಥೆಯ ಹುಡುಗಿಯರೆಲ್ಲ ಸೂಜಿ ಹಿಡಿದರು. ಹೀಗೆ ಹೆಚ್ಚೂಕಡಿಮೆ ಒಂದು ವರ್ಷ ನಡೆಯಿತು.

ಒಂದು ದಿನ ಶಾಲೆಯಲ್ಲಿ ನೂರು ಸಲ ಹೇಳಿದ್ದ ಕಥೆಯನ್ನು ಎತ್ತಿಕೊಂಡೆ. ಮಲತಾಯಿ ಹುಡುಗಿಯ ಕೈಗೆ ಚಿಂದಿ ಸೀರೆ ಕೊಟ್ಟು, ದಾರವಿಲ್ಲದೆ ಹೊಲಿದು ತಾ, ಅಲ್ಲಿಯವರೆಗೆ ಮನೆಗೆ ಬರಬೇಡ ಎಂದು ಅಟ್ಟುತ್ತಾಳೆ. ಹಕ್ಕಿಗಳು ನಾರು ತಂದುಕೊಡುತ್ತವೆ, ಹುಡುಗಿ ರಾಣಿಯಾಗುತ್ತಾಳೆ. ಮಲತಾಯಿಯ ಮಾತು ಬಂದಾಗ ಮಕ್ಕಳು ಹಲ್ಲು ಕಡಿಯಬೇಕು, ಅದಕ್ಕೆಂದೇ ನಾನು ಮೂಗು ಸೊಟ್ಟ ಮಾಡಿ ಕೀರಲು ದನಿ ತೆಗೆಯುತ್ತಿದ್ದೆ. ಆಪಾನ ಎದುರಿಗೂ ತೆಗೆದೆ. ಹೌ ಬರಲಿಲ್ಲ. ನಿದ್ದೆ ಬಂತೇನೋ ಎಂದು ಇನ್ನೂ ಜೋರು ಮಾಡಿದೆ. ‘ಸಾಕು ಬಿಡ್ರಿ. ಕಣ್ಣು ನೋಯಾಕತ್ತಾವ’ ಎಂದು ಆಪಾ ಕೌದಿ ಮಡಚಿದರು. ನನಗೆ ಎಂದೂ ‘ರಿ’ ಹಚ್ಚದವರು ಅಂದು ಹಚ್ಚಿದರು.

ಮರುದಿನ ಬಾಗಿಲು ಮುಚ್ಚಿತ್ತು. ಅದರ ಮರುದಿನವೂ. ನನಗೆ ಸಿಟ್ಟು ನೆತ್ತಿಗೇರಿತು. ಹೋದರೆ ಹೋಗಲಿ, ಊರಲ್ಲಿ ಇವರೊಬ್ಬರೇನಾ ಎಂದು ಬೈದುಕೊಂಡೆ. ನನ್ನ ಪಾಲಿಗೆ ಇವರೊಬ್ಬರೇ ಆಗಿದ್ದರು, ಸಂಕಟ ಅದೇ. ಗೋಡೆಯಾಚೆ ಅವರು ಕೆಮ್ಮುವುದು ಕೇಳುತ್ತಿತ್ತು. ರೊಟ್ಟಿಯ ಹಿಟ್ಟು ನಾದುತ್ತ ನನಗೆ ನಾನೇ ಕಥೆ ಹೇಳಿಕೊಂಡೆ, ನಾನೇ ಹೂಂ ಅಂದೆ. ಎರಡನೆಯ ಹೂಂಗೆ ನಾಚಿಕೆಯಾಗಿ ಬಾಯಿ ಮುಚ್ಚಿದೆ.

ಎಂಟು ದಿನವಾದ ಮೇಲೆ, ಜೋಳ ಬೀಸಿಸಲು ಹೋದಾಗ ಗಿರಣಿಯ ಹೆಂಗಸು ಹೇಳಿದಳು: ‘ನಿಮಗ ಗೊತ್ತಿಲ್ಲೇನ್ರಿ ಟೀಚರ್? ಆಪಾ ಎರಡನೇ ಸಂಬಂಧಕ್ಕ ಬಂದಾಕಿ. ಗಂಡನ ಮೊದಲನೇ ಹೆಂಡತಿ ಕೂಸಿನ್ನ ಎತ್ತಿ ಆಡಿಸಿ ದೊಡ್ಡಾಕಿನ್ನ ಮಾಡಿ, ಆಳಂದಕ್ಕ ಮದಿವಿ ಮಾಡಿ ಕೊಟ್ಟಾಳ. ಅಪ್ಪ ತೀರಿದ ಮ್ಯಾಲ ಆ ಹುಡುಗಿ ಒಮ್ಮಿನೂ ಈ ಕಡಿ ಹಾಯ್ದಿಲ್ಲ. ಫೋನೂ ಇಲ್ಲ.’

ಹಿಟ್ಟಿನ ಡಬ್ಬಿ ಅಲ್ಲೇ ಮರೆತು ಮನೆಗೆ ಬಂದೆ. ಎಂಥ ಹೆಡ್ಡಿ ನಾನು! ಖಜೂರಿಯ ಮಕ್ಕಳಿಗೆ ಆಯಿ ಎಂದರೆ ಯಾರೆಂದು ವಿಚಾರಿಸಿದವಳು, ದಿನಾ ಎದುರಿಗೆ ಕುಳಿತವರನ್ನು ನಿಮಗೆ ಮಕ್ಕಳಿದ್ದಾರೆಯೇ ಎಂದೂ ಕೇಳಿರಲಿಲ್ಲ. ನನಗೆ ಬೇಕಾಗಿದ್ದುದು ಅವರ ಹೌ ಮಾತ್ರ.

ಎರಡು ದಿನ ಕುಳಿತು ಕಥೆ ತಿದ್ದಿದೆ. ಮಲತಾಯಿಯನ್ನು ಕಿತ್ತುಹಾಕಿ ಅವಳ ಜಾಗದಲ್ಲಿ ರಾಕ್ಷಸಿಯನ್ನು ಕೂರಿಸಿದೆ. ಮೂರನೆಯ ಮಧ್ಯಾಹ್ನ ಬಾಗಿಲು ಬಡಿದು, ‘ತಪ್ಪಾತು ಆಪಾ. ಒಂದು ಸಲ ಕೇಳಿಬಿಡ್ರಿ, ಆಮ್ಯಾಲ ಬೇಕಾದ್ರ ಹೊರಗ ಹಾಕ್ರಿ’ ಎಂದೆ. ಸರಿದು ಜಾಗ ಕೊಟ್ಟರು. ಪೂರ್ತಿ ಹೇಳಿದೆ. ರಾಕ್ಷಸಿ ಸತ್ತಳು, ಹುಡುಗಿ ರಾಣಿಯಾದಳು. ಆಪಾ ಹೊಲಿಗೆ ನಿಲ್ಲಿಸಿದರು.

‘ಮಲತಾಯಿ ಎಲ್ಲಿ ಹೋದಳು ಬೇ?’

‘ತಗದಬಿಟ್ಟೇನಿ ಆಪಾ. ನಿಮಗ ನೋವಾಗಬಾರದು ಅಂತ.’

‘ನೀನೂ ತಗದಬಿಟ್ಟಿ?’

ಅವರ ಮನಸ್ಸು ಉಳಿಸಲು ಹೋಗಿ ಅವರನ್ನೇ ಕಥೆಯಿಂದ ಹೊರಗಟ್ಟಿದ್ದೆ.

‘ಅಕಿನ್ನ ತಿರುಗಿ ಕರಕೊಂಡು ಬಾ’ ಅಂದರು ಆಪಾ. ‘ಕೆಟ್ಟಾಕಿನೇ ಇರಲಿ. ನಾನೂ ಕೂಸಿನ ಮ್ಯಾಲ ಒಂದೆರಡು ಸಲ ಕೈ ಎತ್ತೇನಿ, ಸುಳ್ಳ್ಯಾಕ ಹೇಳಲಿ. ಹುಡುಗಿ ರಾಣಿ ಆದ ಮ್ಯಾಲ ಅಕೀದೇನಾತು? ಅದನ್ನ ಹೇಳು.’

ಇದನ್ನು ಯಾವ ಮಗುವೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ತಡವರಿಸುತ್ತ ಕಟ್ಟತೊಡಗಿದೆ. ಹುಡುಗಿ ಹೋದ ಮೇಲೆ ಮಲತಾಯಿ ಆ ಮನೆಯಲ್ಲಿ ಒಬ್ಬಳೇ ಉಳಿದಳು. ದಿನಾ ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು. ದಾರಿಯಲ್ಲಿ ಗಾಡಿಯ ಸದ್ದಾದರೆ ಹೊರಗೆ ಬಂದು ನಿಲ್ಲುತ್ತಿದ್ದಳು. ಆಪಾ ತಲೆ ತಗ್ಗಿಸಿ ಕೇಳುತ್ತಿದ್ದರು. ಮಕ್ಕಳಿಗಾದರೆ ರಾಣಿ ಓಡಿ ಬಂದು ತಾಯಿಯನ್ನು ತಬ್ಬಿಕೊಂಡಳು ಎಂದು ಮುಗಿಸಿಬಿಡುತ್ತಿದ್ದೆ. ಈ ಮುಖದ ಎದುರು ಆ ಸುಳ್ಳು ಬಾಯಿಗೆ ಬರಲಿಲ್ಲ.

‘ರಾಣಿ ಬರಲಿಲ್ಲ’ ಎಂದೆ.

ಆಪಾ ನನ್ನ ಕೈ ಹಿಡಿದುಕೊಂಡರು.

‘ಬರಲಿಲ್ಲ ಅನಬ್ಯಾಡ ಬೇ’ ಅಂದರು. ‘ಬಂದಿಲ್ಲ ಅನ್ನು.’

ಅಷ್ಟು ವರ್ಷ ಮಕ್ಕಳ ಕನ್ನಡ ತಿದ್ದಿದವಳು ನಾನು. ರಾಣಿ ಇನ್ನೂ ಬಂದಿಲ್ಲ ಎಂದು ತಿದ್ದಿ ಹೇಳಿದೆ.